ಅಕ್ಕನ ನಾಟಕಕ್ಕೆ ಸಾಕ್ಷಿ ಯಾರು?

ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಸಹಪಾಠಿಗಳೆಲ್ಲ ಇಪ್ಪತ್ತು, ಇಪ್ಪತ್ತೊಂದರವರು. ಇವಳಿಗೆ ಮೂವತ್ತು, ಜೊತೆಗೆ ಮೂರು ವರ್ಷದ ಮಗಳು. ಮದುವೆಗೆಂದು ಅರ್ಧಕ್ಕೆ ಬಿಟ್ಟ ಓದನ್ನು ಹಟ ಹಿಡಿದು ಮತ್ತೆ ಶುರುಮಾಡಿ, ರಂಗಭೂಮಿ ಪದವಿಯ ಕೊನೆಯ ವರ್ಷದವರೆಗೆ ಏದುಸಿರು ಬಿಡುತ್ತ ಬಂದಿದ್ದಳು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಸೂಚನಾ ಫಲಕದಲ್ಲಿ ಒಂದು ಕಾಗದ ಕಣ್ಣಿಗೆ ಬಿತ್ತು. ಕೊನೆಯ ವರ್ಷದಲ್ಲೇ ಸಂವಹನ ವಿಭಾಗದ ನಾಲ್ಕು ಎಂ.ಎ. ಪತ್ರಿಕೆಗಳನ್ನು ಓದಿದರೆ ಆ ಅಂಕಗಳು ಎರಡೂ ಕಡೆ ಸಲ್ಲುತ್ತವೆ, ಎರಡು ವರ್ಷದ ಎಂ.ಎ. ಒಂದೇ ವರ್ಷಕ್ಕೆ ಮುಗಿಯುತ್ತದೆ. ನಾಲ್ಕರಲ್ಲಿ ಒಂದು ಹೋದರೂ ಆ ಸವಲತ್ತು ಹೋದಂತೆ. ಅಕ್ಕನಿಗೆ ಬೇಕಾಗಿದ್ದುದು ಆ ಉಳಿಯುವ ವರ್ಷ. ಗಂಡನದು ಪಾಳಿ ಕೆಲಸ. ಮನೆಯಲ್ಲಿದ್ದರೆ ನಿದ್ದೆ, ನಿದ್ದೆ ಇಲ್ಲದಿದ್ದರೆ ಕೆಲಸ. ಮಗುವನ್ನು ನೋಡಿಕೊಳ್ಳುತ್ತಿದ್ದ ಅಮ್ಮ ಖಡಾಖಂಡಿತವಾಗಿ ಹೇಳಿದ್ದರು: "ಈ ವರ್ಷ, ಇನ್ನೊಂದು ವರ್ಷ. ಆಮೇಲೆ ನನ್ನ ಮಂಡಿ ನನ್ನ ಮಾತೇ ಕೇಳಲ್ಲ, ನಿನ್ನ ಮಗಳ ಹಿಂದೆ ಓಡುತ್ತಾ?"

ಬೆಳಿಗ್ಗೆ ಮರದ ಹಲಗೆಯ ರಂಗದ ಮೇಲೆ ನಾಟಕದ ಮೇಷ್ಟ್ರು, "ಹೊಟ್ಟೆಯಿಂದ ಬರಲಿ ದನಿ! ಕೊನೇ ಸಾಲಿನವನು ನಿದ್ದೆಯಿಂದ ಏಳಬೇಕು!" ಎನ್ನುತ್ತಿದ್ದರು. ಮಧ್ಯಾಹ್ನ ಗಾಜಿನ ಕೋಣೆಯಲ್ಲಿ ಸಂವಹನದ ಮೇಡಂ ಕಿವಿಯ ಹೆಡ್‌ಫೋನ್ ಕಿತ್ತು, "ಅಕ್ಕಾ, ಎದುರಿಗೆ ಮೈಕ್ ಇದೆ. ಊರಿಗೆಲ್ಲ ಕೇಳೋ ಹಾಗೆ ಕೂಗಬೇಡಿ," ಎನ್ನುತ್ತಿದ್ದರು. ಸಂಜೆ ಮನೆಗೆ ಬಂದು ಯಾವ ದನಿಯಲ್ಲಿ ಮಾತಾಡಬೇಕೆಂದೇ ಮರೆತು ಮಾತಾಡಿದರೆ ಮಗಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಇಷ್ಟನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ನಾಲ್ಕನೆಯ ಪತ್ರಿಕೆ. ನಲವತ್ತು ನಿಮಿಷದ ಏಕವ್ಯಕ್ತಿ ನಾಟಕ. ಎರಡೂ ವಿಭಾಗಕ್ಕೆ ಅದೊಂದೇ ಪರೀಕ್ಷೆ. ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕಾಯುವ ತಾಯಿಯ ಕಥೆಯನ್ನು ಅಕ್ಕ ತಾನೇ ಬರೆದಿದ್ದಳು.

"ವಿಡಿಯೋ ತಂದುಕೊಡಿ," ಎಂದರು ಮೇಡಂ. "ದಾಖಲೆ ಇಲ್ಲ ಅಂದ್ರೆ ನಾನು ಯಾವುದಕ್ಕೆ ಅಂಕ ಹಾಕಲಿ?"

"ನನ್ನ ಸಭಾಂಗಣಕ್ಕೆ ಕ್ಯಾಮೆರಾನಾ?" ಎಂದರು ಮೇಷ್ಟ್ರು. "ನಾಟಕ ಆ ಹೊತ್ತಿಂದು. ಮುಗೀತು ಅಂದ್ರೆ ಮುಗೀತು. ಡಬ್ಬಿಯಲ್ಲಿ ತುಂಬಿಡೋಕೆ ಅದೇನು ಬಿಸ್ಕತ್ತಾ?"

ಇಬ್ಬರ ಕೋಣೆಗಳೂ ಒಂದೇ ಓಣಿಯ ಎದುರುಬದುರು. ಸಭಾಂಗಣದ ಬೀಗದ ಕೈ ಯಾರ ಬಳಿ ಇರಬೇಕೆಂಬ ಹಳೇ ಜಗಳಕ್ಕೆ ಆರು ವರ್ಷದಿಂದ ಮಾತು ಬಿಟ್ಟಿದ್ದರು. ಅಕ್ಕ ಒಂದು ವಾರ ಆ ಬಾಗಿಲಿಂದ ಈ ಬಾಗಿಲಿಗೆ ಅಂಚೆಯವಳಂತೆ ತಿರುಗಿದಳು.

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು," ಎಂದರು ಅಮ್ಮ.

"ಅವರು ಗಂಡ ಹೆಂಡ್ತಿ ಅಲ್ಲಮ್ಮ."

"ಆಗಿದ್ರೆ ಇಷ್ಟೊತ್ತಿಗೆ ರಾಜಿನಾದ್ರೂ ಆಗ್ತಿತ್ತು."

ಕೊನೆಗೆ ಅಕ್ಕನೇ ಒಂದು ದಾರಿ ಕಂಡುಕೊಂಡಳು. ಕ್ಯಾಮೆರಾ ಒಳಗೆ ಬರುವುದು ಬೇಡ; ನಾಟಕ ನೋಡಿ ಹೊರಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ, ಏನು ಕಂಡಿರಿ ಎಂದು ಕೇಳಿ, ಮಾತನ್ನು ರೆಕಾರ್ಡ್ ಮಾಡಿಕೊಳ್ಳುವುದು. ಮೇಷ್ಟ್ರು, "ಬಾಗಿಲಾಚೆ ಏನಾದ್ರೂ ಮಾಡ್ಕೊಳ್ಳಿ," ಎಂದರು. ಮೇಡಂ ಬಹಳ ಹೊತ್ತು ಪೆನ್ನು ಕುಟ್ಟಿ, "ನೋಡೋಣ," ಎಂದರು.

ಪ್ರದರ್ಶನದ ಬೆಳಿಗ್ಗೆ ಮಗಳಿಗೆ ಕೆಮ್ಮು. ಬಿಟ್ಟು ಬರಲು ಮನಸ್ಸಾಗದೆ, ಅಮ್ಮನ ಜೊತೆ ಕೊನೆಯ ಸಾಲಿನಲ್ಲಿ ಕೂರಿಸಿದಳು. ಕೆಮ್ಮಿದರೆ ಎತ್ತಿಕೊಂಡು ಹೊರಗೆ ಹೋಗಬೇಕೆಂದು ಅಮ್ಮನಿಗೆ ಐದು ಸಲ ಹೇಳಿದಳು. ಮಗು ಕೆಮ್ಮಲಿಲ್ಲ. ನಾಟಕದ ನಡುವೆ, ತಾಯಿ ಟೋಕನ್ ನೋಡುತ್ತ ಮೌನವಾಗಿ ನಿಂತ ಗಳಿಗೆಯಲ್ಲಿ, ಕತ್ತಲೊಳಗಿಂದ ಸ್ಪಷ್ಟವಾಗಿ ಕೇಳಿತು:

"ಅಮ್ಮಾ, ನಮ್ಮ ನಂಬರ್ ಬಂತಾ?"

ಅಕ್ಕನ ಬಾಯಿ ತಾನಾಗಿಯೇ ಹೇಳಿತು: "ಇಲ್ಲ ಪುಟ್ಟಾ, ಇನ್ನೂ ಬಂದಿಲ್ಲ. ಅಜ್ಜಿ ತೊಡೆ ಮೇಲೆ ಮಲಗು."

ಹೊರಗೆ ಬಾಗಿಲಲ್ಲಿ ಮೂವತ್ತೊಂದು ಜನ ಮಾತಾಡಿದರು. ಮೂವತ್ತೊಂದು ಜನವೂ ಆ ಮಗುವಿನ ಮಾತನ್ನೇ ಹೇಳಿದರು. "ಅಲ್ಲಿ ನನಗೆ ತಡೆಯೋಕಾಗಲಿಲ್ಲ ನೋಡಿ," ಎಂದು ಕಾವಲಿನವನೂ ಮೂಗು ಒರೆಸಿಕೊಂಡ.

ಇನ್ನೇನು, ಗೆದ್ದಂತೆಯೇ ಎಂದುಕೊಂಡಳು ಅಕ್ಕ. ಮರುದಿನ ಮೇಷ್ಟ್ರು ಕರೆದರು. "ಪ್ರೇಕ್ಷಕರ ಕಡೆಯಿಂದ ಅಡಚಣೆ ಬಂದ್ರೆ ಪರೀಕ್ಷೆ ಮತ್ತೆ ಆಗಬೇಕು, ಮುಂದಿನ ವರ್ಷ. ಮಗು ಮಾತು ಮೊದಲೇ ಗೊತ್ತುಮಾಡಿದ್ದು ಅಂತ ಬರೆದುಕೊಡಿ, ಸಹಿ ಹಾಕ್ತೀನಿ."

ಎದುರು ಕೋಣೆಯಲ್ಲಿ ಮೇಡಂ: "ಮೊದಲೇ ಹೇಳಿಕೊಟ್ಟು ಕೂರಿಸಿದ್ದಾದ್ರೆ ಈ ಪ್ರತಿಕ್ರಿಯೆಗಳಿಗೆ ಬೆಲೆ ಇಲ್ಲ. ತಾನಾಗಿ ಕೇಳಿತು ಅಂತ ಬರೆದುಕೊಡಿ, ಸಹಿ ಹಾಕ್ತೀನಿ."

ಅಕ್ಕನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

"ಎರಡು ಕಾಗದ ಬರೆದುಬಿಡು ಅಕ್ಕ," ಎಂದರು ತರಗತಿಯ ಹುಡುಗಿಯರು. "ಅವರಿಬ್ಬರು ಮಾತಾಡಿದ್ರೆ ತಾನೆ ಸಿಕ್ಕಿಬೀಳೋದು?"

ಅಕ್ಕ ಮೆಟ್ಟಿಲ ಮೇಲೆ ಕೂತು ಬರೆಯಲು ಹೊರಟಳು. 'ನನ್ನ ಮಗಳಿಗೆ ಆ ಮಾತನ್ನು ನಾನೇ ಹೇಳಿಕೊಟ್ಟಿದ್ದೆ' ಎಂಬಲ್ಲಿಗೆ ಕೈ ನಿಂತಿತು. ಹದಿನೈದು ದಿನದ ಹಿಂದೆ ಜ್ವರದಲ್ಲಿ ಆ ಮಗು ನಿಜವಾಗಿಯೂ ಆಸ್ಪತ್ರೆಯಲ್ಲಿ ಅವಳ ಹೆಗಲ ಮೇಲೆ ಮೂರು ಗಂಟೆ ಕಾದಿತ್ತು. ನಾಟಕದ ಕತ್ತಲಲ್ಲಿ ಟೋಕನ್ ಹಿಡಿದ ತಾಯಿಯನ್ನು ಕಂಡು, ಮತ್ತೆ ಅಲ್ಲೇ ಇದ್ದೇವೆಂದು ಹೆದರಿ ಕೇಳಿತ್ತು. ಇದನ್ನೂ ಪಾಠ ಹೇಳಿಕೊಟ್ಟದ್ದು ಎನ್ನುವುದೇ? ಕಾಗದ ಹರಿದಳು. ಇನ್ನೊಂದರಲ್ಲಿ ನಡೆದದ್ದನ್ನು ನಡೆದ ಹಾಗೇ ಬರೆದಳು.

ಓಣಿಗೆ ಹೋಗಿ, ಎರಡೂ ತೆರೆದ ಬಾಗಿಲುಗಳ ನಡುವೆ ನಿಂತು, ಹೊಟ್ಟೆಯಿಂದಲೇ ದನಿ ತೆಗೆದಳು.

"ಸರ್, ಮೇಡಂ, ಇಬ್ರಿಗೂ ಒಂದೇ ಸಲ ಹೇಳ್ತೀನಿ. ಮಗು ಮಾತು ನಾಟಕದಲ್ಲಿರಲಿಲ್ಲ. ಅದಕ್ಕೆ ಭಯ ಆಯ್ತು, ಕೇಳ್ತು. ನಾನು ಪಾತ್ರ ಬಿಡದೆ ಉತ್ತರ ಕೊಟ್ಟೆ. ಅದು ಅಡಚಣೆನಾ, ಸಂವಹನನಾ, ನೀವಿಬ್ರೂ ಕೂತು ತೀರ್ಮಾನ ಮಾಡಿ. ನನ್ನ ಹತ್ರ ಇರೋದು ಒಂದೇ ಕಾಗದ."

ಮೇಷ್ಟ್ರು ಹೊರಬಂದರು. ಮೇಡಂ ಹೊರಬಂದರು. ಆರು ವರ್ಷದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವಂತಾಯಿತು.

"ಪಾತ್ರ ಬಿಡಲಿಲ್ಲ, ಅದು ನಿಜ," ಎಂದರು ಮೇಷ್ಟ್ರು, ಗೋಡೆಗೆ ಹೇಳುವಂತೆ.

"ಮೂವತ್ತೊಂದು ಜನಕ್ಕೂ ತಲುಪಿದೆ," ಎಂದರು ಮೇಡಂ, ಕಿಟಕಿಗೆ.

ಅಕ್ಕ ಕಾಗದ ಮುಂದೆ ಹಿಡಿದಳು. ಮೇಷ್ಟ್ರು ಜೇಬು ತಡಕಿದರು, ಪೆನ್ನಿರಲಿಲ್ಲ. ಮೇಡಂ ತಮ್ಮದನ್ನು ಅಕ್ಕನ ಕೈಗೆ ಕೊಟ್ಟರು, ಅಕ್ಕ ಮೇಷ್ಟ್ರಿಗೆ ಕೊಟ್ಟಳು. ಸಹಿ ಒಂದರ ಕೆಳಗೊಂದು ಬಿತ್ತು.

ಕಾಗದ ಸಲ್ಲಿಸಬೇಕಾದ ಕಚೇರಿ ಮುಚ್ಚಲು ಹತ್ತು ನಿಮಿಷವಿತ್ತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲಿಳಿದು ಓಡಿದಳು. ಒಂದು ವರ್ಷ ಅವಳ ಕೈಯಲ್ಲಿತ್ತು, ಬೆವರಿಗೆ ಸ್ವಲ್ಪ ಮುದುಡಿ.