ಅಕ್ಕನ ಹಾಡೂ ನನ್ನ ಟೇಪ್ ಭಕ್ತಿಯೂ

ಫೋನಿನಲ್ಲಿ ಹಾಡು ಕೇಳುವವರನ್ನು ಕಂಡರೆ ನನಗೆ ತುಂಬ ಕನಿಕರ. ಲೋಕದ ಹಾಡುಗಳೆಲ್ಲ ಅಂಗೈಯಲ್ಲಿದ್ದರೂ ಒಂದನ್ನೂ ಪೂರ್ತಿ ಕೇಳುವುದಿಲ್ಲ, ಪಾಪ. ನಾನು ಹಾಗಲ್ಲ. ಗೌರಿಬಿದನೂರಿನ ನಮ್ಮ ಮನೆಗೆ ಬಂದವರನ್ನೆಲ್ಲ ಕೂರಿಸಿ, ಕ್ಯಾಸೆಟ್ ಹಾಕಿ, ಟೇಪಿನ ನಾದ ಎಷ್ಟು ಬೆಚ್ಚಗಿರುತ್ತದೆ ಎಂದು ಉಪನ್ಯಾಸ ಕೊಡುತ್ತೇನೆ. “ಬೆಚ್ಚಗಿರೋದು ಮೋಟರು ಕಣ್ರೀ” ಎನ್ನುತ್ತಾಳೆ ಹೆಂಡತಿ. ಸಿ.ಡಿ.ಗೆ ಆತ್ಮವಿಲ್ಲವೆಂದೂ ನಾನು ಕಂಡುಹಿಡಿದಿದ್ದೇನೆ. ಟೇಪಿನಲ್ಲಿ ಬರುವ ಸುಯ್ಯೆಂಬ ಸದ್ದೇ ಆ ಆತ್ಮವಿರಬೇಕು.

ಹೋದ ವರ್ಷ ಅಕ್ಕ ಸರೋಜ ಶಿಡ್ಲಘಟ್ಟದಿಂದ ಬಂದಿದ್ದಳು. ಹದಿನೇಳನೇ ವಯಸ್ಸಿನಲ್ಲಿ ಅವಳು ಹಾಡಿದ್ದನ್ನು ಅಪ್ಪ ರೆಕಾರ್ಡ್ ಮಾಡಿದ್ದ ಕ್ಯಾಸೆಟ್ಟು ಹಳೇ ಪೆಟ್ಟಿಗೆಯಲ್ಲಿ ಆಗಷ್ಟೇ ಸಿಕ್ಕಿತ್ತು. ಆಮೇಲೆ ಅಕ್ಕ ಹಾಡಿದ್ದೇ ಇಲ್ಲ. ಯಾಕೆಂದು ಕೇಳಿದವರಿಗೆಲ್ಲ, ಅವಳ ಅತ್ತೆಮನೆಯವರಿಗೆ ಸಂಗೀತದ ಗಂಧವಿಲ್ಲ ಎಂದು ನಾನೇ ಹೇಳಿಕೊಂಡು ಬಂದಿದ್ದೆ. ಭಾವ ರೇಷ್ಮೆಗೂಡಿನ ವ್ಯಾಪಾರಿ, ಎದುರಾಡುವವರಲ್ಲ.

ಠೀವಿಯಿಂದ ಗುಂಡಿ ಒತ್ತಿದೆ. ಎರಡು ಸಾಲು ಬರುವಷ್ಟರಲ್ಲಿ ನನ್ನ ಘನ ಯಂತ್ರ ಟೇಪನ್ನು ಶ್ಯಾವಿಗೆಯಂತೆ ನುಂಗಿತು.

“ಅದೊಂದೇ ಇದ್ದಿದ್ದು ಕಣೋ” ಎಂದಳು ಅಕ್ಕ. ಅವಳ ಮುಖ ನೋಡಲಾಗಲಿಲ್ಲ.

ಮರುದಿನ ಇಬ್ಬರೂ ಅಲೀಪುರಕ್ಕೆ ಹೋದೆವು. ಅಲ್ಲಿ ಹಳೇ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡುವ ಅಬ್ಬಾಸ್ ಸಾಹೇಬರು ಟೇಪನ್ನು ಬಿಡಿಸಿ, ಹರಿದ ಎರಡಂಗುಲ ಕತ್ತರಿಸಿ, ಅಂಟಿಸಿ, ತಮ್ಮ ಯಂತ್ರಕ್ಕೆ ಹಾಕಿದರು. ಅಕ್ಕನ ಎಳೆಯ ದನಿ ಹೊರಟಿತು. ಗಟ್ಟಿ ದನಿ, ಯಾರಿಗೂ ಹೆದರದ್ದು. ಸಾಹೇಬರು ಸ್ಕ್ರೂಡ್ರೈವರ್ ಕೆಳಗಿಟ್ಟು ಕೇಳತೊಡಗಿದರು. ಅಷ್ಟರಲ್ಲಿ ಹಾಡಿನ ನಡುವೆ ಒಬ್ಬ ಹುಡುಗ ಕೂಗಿದ: “ಸಾಕು ನಿಲ್ಸಕ್ಕ! ಕತ್ತೆ ಕಿರುಚ್ದಂಗೈತೆ!” ಹಿಂದೆಯೇ ಮನೆಮಂದಿಯ ನಗು. ಹಾಡು ಅಲ್ಲಿಗೇ ನಿಂತಿತ್ತು.

ಆ ದನಿ ನನ್ನದು.

“ಅಷ್ಟು ಪೀಸ್ ಕಟ್ ಮಾಡ್ಬಿಡ್ಲಾ ಸಾರ್? ಗೊತ್ತೇ ಆಗಲ್ಲ” ಎಂದರು ಸಾಹೇಬರು ಮೆಲ್ಲಗೆ. ಟೇಪಿನಲ್ಲಿ ಆತ್ಮ ಕಂಡ ಮಹಾನುಭಾವನಾದ ನಾನು ತಕ್ಷಣ ಹೂಂ ಎಂದುಬಿಟ್ಟೆ.

“ಬ್ಯಾಡಿ ಸಾಬ್ರೆ, ಇರ್ಲಿ” ಎಂದಳು ಅಕ್ಕ. “ಯಾಕೆ ಹಾಡೋದು ಬಿಟ್ಟೆ ಅಂತ ನಾನು ಬಾಯಲ್ಲಿ ಹೇಳಿದ್ರೆ ಇವನು ಒಪ್ತಿರ್ಲಿಲ್ಲ.”

“ತಪ್ಪಾಯ್ತಕ್ಕ” ಎಂದೆ. ಅದನ್ನು ಹೇಳಲು ಇಷ್ಟು ವರ್ಷ ಬೇಕಾಯಿತು.

ಅಕ್ಕ ಅಂಗಡಿಯ ಸ್ಟೂಲಿನ ಮೇಲೆ ಕೂತಲ್ಲೇ, ಹಾಡು ನಿಂತಿದ್ದ ಕಡೆಯಿಂದ ಮುಂದಿನ ಸಾಲು ಎತ್ತಿಕೊಂಡಳು. ದನಿ ಒಡೆದಿತ್ತು, ಶ್ರುತಿ ಎಲ್ಲೋ ಜಾರುತ್ತಿತ್ತು. ಸಾಹೇಬರು ಸದ್ದಿಲ್ಲದೆ ರೆಕಾರ್ಡ್ ಗುಂಡಿ ಒತ್ತಿದರು.

ಈ ಸಲ ನಾನು ಬಾಯಿ ಮುಚ್ಚಿಕೊಂಡು ಕೇಳಿದೆ.