ದೇವರಿಲ್ಲದ ಆಯುಧಪೂಜೆ

ಎರಡು ಸಾವಿರದ ನಾಲ್ಕರಲ್ಲಿ, ಎಂಟನೇ ಕ್ಲಾಸಿಗೇ ಓದು ಬಿಟ್ಟ ನಾನು ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಮೇಸ್ತ್ರಿಯೊಬ್ಬರ ಹತ್ತಿರ ಲೇತ್ ಕೆಲಸ ಕಲಿತೆ. ಗುಡಿ ಕಡೆ ತಿರುಗಿಯೂ ನೋಡದ ಮನುಷ್ಯ ಅವರು. ಆದರೆ ಆಯುಧಪೂಜೆ ಬಂತೆಂದರೆ ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದರು! ದೇವರ ಪಟ ಇಡುತ್ತಿರಲಿಲ್ಲ. ಲೇತುಗಳನ್ನು ತಾವೇ ಒರೆಸಿ, ಉಳಿಗಳಿಗೆಲ್ಲ ಕುಂಕುಮ ಹಚ್ಚಿ, "ದೇವ್ರಿಲ್ಲ ಕಣ್ಲಾ, ಹಬ್ಬ ಐತೆ" ಅನ್ನುತ್ತಿದ್ದರು.

ಒಂದು ವರ್ಷ ಹಬ್ಬಕ್ಕೆ ಮುಂಚೆ ನಾವು ಕೆಲಸದ ಹುಡುಗರೆಲ್ಲ ಮೂರು ದಿನ ನಿದ್ದೆಗೆಟ್ಟು ದುಡಿದಿದ್ದೆವು. ಪೂಜೆಯ ಹೊತ್ತಿಗೆ ಸರಿಯಾಗಿ, ಗೊಂಬೆಗೆ ಆರ್ಡರ್ ಕೊಟ್ಟಿದ್ದ ವ್ಯಾಪಾರಿ ಬಂದ.

"ನಿಮ್ಗೆ ದೇವ್ರೇ ಇಲ್ವಲ್ಲ ಮೇಸ್ತ್ರಿ, ಹಬ್ಬ ಯಾಕೆ? ಇವತ್ತೇ ಮಿಷಿನ್ ಓಡ್ಸಿ. ಇಲ್ದಿದ್ರೆ ಆರ್ಡರ್ ಬೇರೆಯೋರಿಗೆ."

ಎರಡು ತಿಂಗಳ ಕೆಲಸ ಅದು. ನಾವೆಲ್ಲ ಮೇಸ್ತ್ರಿ ಕಡೆ ತಿರುಗಿದೆವು. ಮೇಸ್ತ್ರಿ ಅರ್ಧ ತುಂಡಾದ ತೋರುಬೆರಳು ಎತ್ತಿದರು.

"ದೇವ್ರಿಲ್ಲ ಅಂತ ಹಬ್ಬದ ದಿನಾನೂ ದುಡ್ದೆ, ಬೆರಳು ಹೋಯ್ತು. ಊರೋರು ಶಾಪ ಅಂದ್ರು. ಶಾಪ ಅಲ್ಲ ಸ್ವಾಮಿ, ಸುಸ್ತು. ಈ ಹುಡುಗ್ರ ಬೆರಳು ನಂಗೆ ಬೇಕು. ತಗೊಂಡೋಗಿ ನಿಮ್ಮ ಆರ್ಡರು!"

ಅಂದವರೇ ಬೂದುಗುಂಬಳ ಎತ್ತಿ ಬಾಗಿಲ ಮುಂದೆ ಒಡೆದರು. ನಾವೆಲ್ಲ ಕೇಕೆ ಹಾಕಿದೆವು!

ಈಗ ನನ್ನ ಸ್ವಂತದ್ದು ಮೂರು ಲೇತ್, ಐದು ಜನ ಕೆಲಸಗಾರರು. ದೇವರ ಪಟ ಒಂದೂ ಇಲ್ಲ. ನನ್ನದೂ ಸೇರಿ ಆರು ಜನರ ಕೈಯಲ್ಲಿ ಬೆರಳು ಅರವತ್ತು.