ಹೊರಿಯಾನಾ ಸಹಿ ಹಾಕುವಂತಿಲ್ಲ

ಅರ್ಜಿಯ ಹದಿನಾಲ್ಕನೆಯ ಪ್ರಶ್ನೆಯ ಮುಂದೆ ನಾವು ಮೂರು ತಿಂಗಳು ತಲೆ ಕೆಡಿಸಿಕೊಂಡು ಕೂತಿದ್ದೆವು. ಔಷಧಿಗೆಂದು ಗಾಂಜಾ ಬೆಳೆಯಲು ಪರವಾನಗಿ ಬೇಕಾದರೆ, ಬೆಳೆಯ ಹೊಣೆ ಹೊರುವವರಿಗೆ ಮಾದಕ ವಸ್ತುವಿನ ಅಪರಾಧದಲ್ಲಿ ಶಿಕ್ಷೆ ಆಗಿರಬಾರದು. ಈ ನಿಯಮ ಬರೆದ ಪುಣ್ಯಾತ್ಮ ನಮ್ಮೂರಿನ ವಾಯಾಪು ನದಿಯ ದಡಕ್ಕೆ ಒಮ್ಮೆಯೂ ಕಾಲಿಟ್ಟವನಲ್ಲ. ಇಟ್ಟಿದ್ದರೆ, ಇಲ್ಲಿ ಶಿಕ್ಷೆಯಾಗದ ಮನೆ ಯಾವುದಿದೆ ಎಂದು ಮೊದಲು ಕೇಳುತ್ತಿದ್ದ.

ನಮ್ಮ ಪಾಲಿಗೆ ಆ ಪ್ರಶ್ನೆ ನನ್ನ ದೊಡ್ಡಪ್ಪನ ಮಗಳು ಹೊರಿಯಾನಾಳ ಮೇಲೆ ಬಂದು ನಿಂತಿತ್ತು. ಮೂವತ್ತೆರಡು ವರ್ಷಗಳ ಹಿಂದೆ ಪೊಲೀಸರ ಹೆಲಿಕಾಪ್ಟರ್ ನಮ್ಮ ಗುಡ್ಡದ ಮೇಲೆ ಸುತ್ತಿ, ಪೊದೆಯ ಹಿಂದೆ ನಲವತ್ತು ಗಿಡ ಪತ್ತೆ ಮಾಡಿತ್ತು. ಅವು ತನ್ನವೇ ಎಂದು ಹೊರಿಯಾನಾ ಒಪ್ಪಿಕೊಂಡಳು. ಎಂಟು ತಿಂಗಳು ಜೈಲಿನಲ್ಲಿದ್ದಳು. ಅಲ್ಲಿಯ ಹಸಿರುಮನೆಯಲ್ಲಿ ಟೊಮ್ಯಾಟೊ ಬೆಳೆಯುವುದನ್ನು ಕಲಿತು ಬಂದವಳು, ಆಮೇಲೆ ಈ ಕರಾವಳಿಯಲ್ಲೇ ಅವಳಂಥ ಕೃಷಿಕಳು ಇಲ್ಲ ಎನ್ನುವಷ್ಟು ಬೆಳೆದಳು. ಕೇವಲ ದಂಡ ಕಟ್ಟಿದವರ ಹಳೆಯ ಶಿಕ್ಷೆ ಏಳು ವರ್ಷದ ಮೇಲೆ ದಾಖಲೆಯಲ್ಲಿ ಮುಚ್ಚಿಹೋಗುತ್ತದೆ. ಜೈಲು ಕಂಡವರದು ಹಾಗಲ್ಲ.

ಜಮೀನು ನಮ್ಮ ಕುಲದ ಎಲ್ಲರದ್ದು. ಹಸಿರುಮನೆ ಎದ್ದರೆ ಹನ್ನೆರಡು ಮಂದಿಗೆ ಊರಲ್ಲೇ ಕೆಲಸ. ಅದಕ್ಕೇ ಒಂದು ಉಪಾಯ ಹೂಡಿದೆವು: ಹೆಸರು ಅವಳ ತಮ್ಮ ಪರಾತೆನೆಯದ್ದು, ಕೆಲಸ ಅವಳದ್ದು. ಪರಾತೆನೆ ಇಪ್ಪತ್ತು ವರ್ಷ ಸೇನೆಯಲ್ಲಿದ್ದವನು, ಎದೆ ತುಂಬ ಪದಕ, ಕಪ್ಪು ಚುಕ್ಕೆಯಿಲ್ಲದ ಹೆಸರು. ಅರ್ಜಿ ಬರೆದವಳು ನಾನೇ.

ತಪ್ಪು ಮಾಡಿದವಳೂ ನಾನೇ. ವಿಚಾರಣೆಗೆ ಬರುವ ಅಧಿಕಾರಿಯನ್ನು ಪೇಟೆಯ ಯಾವುದಾದರೂ ಕೋಣೆಯಲ್ಲಿ ಕೂರಿಸಿ ಮುಗಿಸಬಹುದಿತ್ತು. ಆದರೆ ಊರಿಗೆ ಬಂದವರನ್ನು ಕುಲದ ಸಭಾಮನೆಗೆ ಕರೆಯದೆ ಕಳಿಸಿದರೆ ನಮ್ಮವರಿಗೆ ಅನ್ನ ಸೇರುವುದಿಲ್ಲ. ಕರೆದೆ. ಆ ಮನೆಯ ಹಿಂಗೋಡೆಯ ತುಂಬ ತೀರಿಕೊಂಡವರ ಪಟಗಳಿವೆ, ಅವರು ಕೇಳಿಸಿಕೊಳ್ಳುತ್ತಾರೆ. ಅವರ ಎದುರು ಸುಳ್ಳು ಹೇಳಿದವರನ್ನು ನಾನಂತೂ ಕಂಡಿಲ್ಲ.

ಅಧಿಕಾರಿ ಡ್ಯಾಲ್‌ಜೆಲ್ ಎಂಬ ಸಣಕಲು ಹೆಂಗಸು. ಶೂ ಬಾಗಿಲಲ್ಲಿ ಬಿಟ್ಟು, ನಾವು ಹಾಡಿ ಸ್ವಾಗತಿಸಿದ್ದಕ್ಕೆ ನೆಟ್ಟಗೆ ವಂದಿಸಿ, ಚಾಪೆಯ ಮೇಲೆ ಕಡತ ಬಿಚ್ಚಿದಳು. ಬೇಲಿ, ಕ್ಯಾಮೆರಾ, ಬೀಗ ಎಲ್ಲವೂ ಸರಾಗವಾಗಿ ದಾಟಿದವು.

"ಎಲೆ ಮೇಲೆ ಬಿಳಿ ಬೂಷ್ಟು ಬಂದ್ರೆ ಏನ್ ಮಾಡ್ತೀರಿ?" ಎಂದು ಪರಾತೆನೆಯನ್ನು ಕೇಳಿದಳು.

ಅವನು ಕೆಮ್ಮಿದ. "ತೊಳೀತೀವಿ."

"ಯಾವುದ್ರಲ್ಲಿ?"

"ನೀರಲ್ಲಿ. ಬಿಸಿ ನೀರಲ್ಲಿ."

ಹಿಂದಿನಿಂದ ಯಾರೋ ಮುದುಕಿ, "ಗಿಡಕ್ಕೆ ಚಹಾ ಮಾಡ್ಕೊಡ್ತಾನಂತೆ ಕಣ್ರೇ" ಎಂದಳು. ನಕ್ಕವರು ತಕ್ಷಣ ಬಾಯಿ ಮುಚ್ಚಿಕೊಂಡರು.

ತಮ್ಮನ ಪಕ್ಕದಲ್ಲಿ ಕೂತಿದ್ದ ಹೊರಿಯಾನಾಳಿಗೆ ತಡೆಯಲಾಗಲಿಲ್ಲ. "ಗಾಳಿ ಆಡೋ ಹಾಗೆ ಗಿಡ ದೂರ ಇಡ್ಬೇಕು, ರಾತ್ರಿ ತೇವ ಇಳಿಸ್ಬೇಕು. ಬೂಷ್ಟು ಬಂದ ಎಲೆನ ಚೀಲಕ್ಕೆ ಹಾಕೊಂಡೇ ಕೀಳ್ಬೇಕು, ಇಲ್ದಿದ್ರೆ ಹಸಿರುಮನೆಯೆಲ್ಲ ಹಾರುತ್ತೆ. ಔಷಧಿ ಅಂದ್ಮೇಲೆ ಸಿಕ್ಕಿದ್ದನ್ನೆಲ್ಲ ಸಿಂಪಡಿಸೋ ಹಾಗಿಲ್ಲ."

ಡ್ಯಾಲ್‌ಜೆಲ್ ಕಡತದ ಹಾಳೆ ತಿರುವಿದಳು. "ಇವ್ರ ಹೆಸ್ರು ಅರ್ಜೀಲಿ ಯಾಕಿಲ್ಲ?"

ಹೊರಿಯಾನಾ ತಾನೇ ಹೇಳಿದಳು, "ನಂಗೆ ಶಿಕ್ಷೆ ಆಗಿದೆ. ನಲವತ್ತು ಗಿಡ, ಎಂಟು ತಿಂಗಳು. ತಮ್ಮನ ಹೆಸ್ರು ಚೊಕ್ಕ ಇದೆ. ಬರ್ಕೊಳಿ, ಮುಂದಿನ ಪ್ರಶ್ನೆ ಕೇಳಿ."

ಅಷ್ಟರಲ್ಲಿ ಪರಾತೆನೆ ಎದ್ದು ನಿಂತ. ಅವನ ಕಣ್ಣು ಅಧಿಕಾರಿಯ ಮೇಲಿರಲಿಲ್ಲ, ಗೋಡೆಯ ಮೇಲಿದ್ದ ತಾಯಿಯ ಪಟದ ಮೇಲಿತ್ತು.

"ಕೂತ್ಕೊಳೋ," ಎಂದಳು ಅಕ್ಕ.

"ಇಲ್ಲಿ ನಿಂತ್ಕೊಂಡು ಹ್ಞೂಂ ಅಂತ ಸಹಿ ಹಾಕೋಕೆ ನನ್ ಕೈಲಿ ಆಗಲ್ಲ. ಆ ಗಿಡ ನಂದು. ನಾನು ಸೇನೆಗೆ ಹೋಗೋಕೆ ಎರಡೇ ವಾರ ಇತ್ತು. ಇವ್ಳು ಮೈಮೇಲೆ ಹಾಕೊಂಡ್ಳು."

ನನಗಾಗಲೀ ಅಲ್ಲಿದ್ದ ಇನ್ಯಾರಿಗಾಗಲೀ ಇದು ಗೊತ್ತಿರಲಿಲ್ಲ. ಹೊರಿಯಾನಾಳ ಮುಖ ಕೆಂಪಾಗಿತ್ತು. "ಎಂಟು ತಿಂಗಳು ಕಣೋ. ನನ್ ಮಗು ನನ್ನನ್ನ ಮರ್ತೇಬಿಟ್ಟಿತ್ತು. ಅಷ್ಟು ಕೊಟ್ಟು ಉಳಿಸಿದ ಹೆಸ್ರು ಇವತ್ತು ಒಂದ್ ಕೆಲಸಕ್ಕೆ ಬರೋದಿತ್ತು, ಇವತ್ತೇ ಚೆಲ್ಬಿಟ್ಯಾ?"

ಡ್ಯಾಲ್‌ಜೆಲ್ ಪೆನ್ನು ಕೆಳಗಿಟ್ಟಳು. "ಕೇಳಿಸ್ಕೊಂಡದ್ದನ್ನ ನಾನು ಬರೀಲೇಬೇಕು. ಅದಕ್ಕೆ ಮುಂಚೆ ನಿಮ್ಮನ್ನೇ ಕೇಳ್ತೀನಮ್ಮ. ಆ ಗಿಡ ನಿಮ್ದಾ?"

ಹೌದು ಎಂದು ಒಂದು ಮಾತು ಅಂದಿದ್ದರೆ ತಮ್ಮನದು ಸಂಕಟದ ಮಾತು ಎಂದು ತೇಲಿಸಬಹುದಿತ್ತು, ಅರ್ಜಿ ಉಳಿಯುತ್ತಿತ್ತು. ಹೌದು ಅನ್ನು, ಹೌದು ಅನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹಾಗೆ ಬೇಡಿಕೊಂಡದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ. ಪೊಲೀಸರು, ವಕೀಲರು, ನ್ಯಾಯಾಧೀಶರು ಎಲ್ಲರೂ ಕೇಳಿದಾಗ ಹೌದು ಎಂದವಳು ಅವಳು. ಈ ಮನೆಯೊಳಗೆ ಮಾತ್ರ ಅವಳನ್ನು ಯಾರೂ ಕೇಳಿರಲಿಲ್ಲ.

ಹೊರಿಯಾನಾ ಪಟಗಳ ಕಡೆ ನೋಡಿದಳು.

"ಇಲ್ಲ," ಎಂದಳು. "ನಾನ್ ಒಂದ್ ಗಿಡಾನೂ ನೆಟ್ಟಿರ್ಲಿಲ್ಲ."